ತಟ್ಟೆಗಳನ್ನು ಪೇರಿಸಿದ ಚಂದ್ರಶೇಖರ್

ಎಸ್. ಚಂದ್ರಶೇಖರ್ ಅಂತ ನೆಟ್‌ನಲ್ಲಿ ಹುಡುಕಿದರೆ ಮೊದಲು ಸಿಗೋದು ನಕ್ಷತ್ರಗಳ ಚಂದ್ರಶೇಖರ್. ಅಂದ್ರೆ ಸುಬ್ರಹ್ಮಣ್ಯನ್ ಚಂದ್ರಶೇಖರ್, ಶಿಕಾಗೋದಲ್ಲಿದ್ದವರು, 1983ರಲ್ಲಿ ನೊಬೆಲ್ ಪಡೆದವರು. ನಾವು ಬರೆಯೋಕೆ ಹೊರಟಿರೋದು ಅವರ ಬಗ್ಗೆ ಅಲ್ಲ. ನಮ್ಮವರು ಶಿವರಾಮಕೃಷ್ಣ ಚಂದ್ರಶೇಖರ್. ಇಬ್ಬರಿಗೂ ಸರ್ ಸಿ. ವಿ. ರಾಮನ್ ಹತ್ತಿರದ ನೆಂಟರೇ. ನಕ್ಷತ್ರದವರು ರಾಮನ್ ಅಣ್ಣನ ಮಗ, ಇವರು ರಾಮನ್ ಸೋದರಿಯ ಮಗ. ಇಷ್ಟು ಗೊಂದಲ ಸಾಲದು ಅನ್ನೋ ಹಾಗೆ, ಅವರಿಗೆ ನೊಬೆಲ್ ಬಂದ ಅದೇ 1983ರಲ್ಲಿ ಇವರು ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ಲಿಕ್ವಿಡ್ ಕ್ರಿಸ್ಟಲ್ ಮೇಲೆ ಕೆಲಸ ಮಾಡೋರಿಗೆ ಜಗತ್ತಿನ ಯಾವ ಮೂಲೆಯಲ್ಲಾದರೂ ಈ ಎರಡನೇ ಚಂದ್ರಶೇಖರ್ ಗೊತ್ತು. ಮೈಸೂರಿನಲ್ಲಿ ಹತ್ತು ವರ್ಷ, ಬೆಂಗಳೂರಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿದ ಇವರು ನಮ್ಮ ಕ್ಯಾಂಪಸ್‌ನಲ್ಲಿ ಎಷ್ಟು ಜನಕ್ಕೆ ಗೊತ್ತು ಅಂತ ನಾವು ಕೇಳಿ ನೋಡಲಿಲ್ಲ. ನಮಗೇ ಗೊತ್ತಿರಲಿಲ್ಲ ಅಂದಮೇಲೆ ಬೇರೆಯವರನ್ನು ಕೇಳೋಕೆ ಮುಖ ಬೇಕಲ್ಲ.

ಅವರ ಹೆಸರಿಗೆ ನಾವು ಬಂದಿದ್ದು ಸೋಲಾರ್ ಸೆಲ್‌ನ ದಾರಿಯಲ್ಲಿ. ಈ ಸೆಮಿಸ್ಟರ್‌ನ ಸೆಮಿನಾರ್‌ಗೆ ಪೆರೋವ್‌ಸ್ಕೈಟ್ ಸೋಲಾರ್ ಸೆಲ್ ತಗೊಂಡಿದ್ವಿ. ಅದರಲ್ಲೂ ಚಾರ್ಜ್ ಸಾಗಿಸುವ ಆರ್ಗ್ಯಾನಿಕ್ ಪದರಗಳ ಬಗ್ಗೆ. ಓದ್ತಾ ಓದ್ತಾ ಒಂದು ರಿವ್ಯೂ ಲೇಖನದಲ್ಲಿ ತಟ್ಟೆಯಾಕಾರದ ಅಣುಗಳ ವಿಷಯ ಬಂತು. ಅದರ ಮೂಲ ಹುಡುಕುತ್ತಾ ಹಿಂದೆ ಹಿಂದೆ ಹೋದರೆ 1977ಕ್ಕೆ, ಬೆಂಗಳೂರಿನ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ಗೆ ಬಂದು ನಿಂತ್ವಿ. ಜರ್ಮನಿಯೋ ಅಮೆರಿಕವೋ ಸಿಗುತ್ತೆ ಅಂದ್ಕೊಂಡಿದ್ದವರಿಗೆ ಮೇಖ್ರಿ ಸರ್ಕಲ್ ಸಿಕ್ಕಿದ ಹಾಗಾಯ್ತು.

ಅವರ ಕಥೆಗೆ ಹೋಗೋ ಮುಂಚೆ ಈ ಪದರದ ವಿಷಯ ಸ್ವಲ್ಪ ಹೇಳಿಬಿಡ್ತೀವಿ, ಇಲ್ಲದಿದ್ದರೆ ಅವರು ಮಾಡಿದ್ದು ಯಾಕೆ ಮುಖ್ಯ ಅಂತ ಗೊತ್ತಾಗಲ್ಲ. ನಮ್ಮೂರು ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿ. ಹೆಸರಲ್ಲೇ ಕೆರೆ ಇದೆ. ಆ ಕೆರೆ ಅಂದ್ರೆ ಸೂಳೆಕೆರೆ, ಶಾಂತಿಸಾಗರ ಅಂತಲೂ ಕರೀತಾರೆ. ಎರಡು ಗುಡ್ಡಗಳ ನಡುವೆ ಚಿಕ್ಕದೊಂದು ಏರಿ, ಅದರ ಹಿಂದೆ ಕಣ್ಣು ಹಾಯಿಸಿದಷ್ಟು ನೀರು. ಹೊರಗಿನಿಂದ ಬಂದವರು ಏರಿ ಮೇಲೆ ನಿಂತು ನೀರಿನ ಫೋಟೋ ತೆಗೆದುಕೊಂಡು ಹೋಗ್ತಾರೆ. ಊರಿನವರು ನೋಡೋದು ತೂಬಿನ ಕಡೆ. ಕೆರೆಯಿಂದ ಹೊರಡೋದು ಸಿದ್ದನಾಲೆ, ಬಸವನಾಲೆ ಅಂತ ಎರಡು ನಾಲೆ. ಕೆರೆ ತುಂಬಿದ್ದರೂ ನಾಲೆಯಲ್ಲಿ ಹೂಳು ತುಂಬಿ, ದಡ ಒಡೆದಿದ್ದರೆ ಕೊನೆಯ ಗದ್ದೆಗೆ ನೀರು ಮುಟ್ಟಲ್ಲ. ತುಂಬಿದ ಕೆರೆಯಿಂದ ಆ ಗದ್ದೆಯವನಿಗೆ ಏನೂ ಉಪಯೋಗ ಇಲ್ಲ.

ಪೆರೋವ್‌ಸ್ಕೈಟ್ ಸೆಲ್ ಕೂಡ ಹೀಗೇ. ಬೆಳಕು ಬಿದ್ದಾಗ ಪೆರೋವ್‌ಸ್ಕೈಟ್ ಪದರದಲ್ಲಿ ಎಲೆಕ್ಟ್ರಾನ್ ಮತ್ತು ಹೋಲ್ ಹುಟ್ಟುತ್ತವೆ. ಅದು ಕೆರೆ. ಎಲೆಕ್ಟ್ರಾನ್ ಒಂದು ಕಡೆ, ಹೋಲ್ ಇನ್ನೊಂದು ಕಡೆ, ಮತ್ತೆ ಒಂದಕ್ಕೊಂದು ಸೇರಿ ಹಾಳಾಗುವ ಮುಂಚೆ ಹೊರಗೆ ಹೋಗಬೇಕು. ಅದಕ್ಕೆ ಎರಡು ಪಕ್ಕದಲ್ಲೂ ಒಂದೊಂದು ಪದರ ಬೇಕು, ಎರಡು ನಾಲೆ ಇದ್ದ ಹಾಗೆ. 2009ರಲ್ಲಿ ಜಪಾನಿನ ಮಿಯಾಸಾಕಾ ಗುಂಪು ಮೊದಲ ಪೆರೋವ್‌ಸ್ಕೈಟ್ ಸೆಲ್ ತೋರಿಸಿದಾಗ ದಕ್ಷತೆ ಶೇ. 3.8 ಮಾತ್ರ. ಅದರಲ್ಲಿ ನಾಲೆಯ ಕೆಲಸ ಮಾಡುತ್ತಿದ್ದದ್ದು ಒಂದು ದ್ರವ, ಆ ದ್ರವವೇ ಪೆರೋವ್‌ಸ್ಕೈಟನ್ನು ಕರಗಿಸುತ್ತಿತ್ತು! 2012ರಲ್ಲಿ ದ್ರವ ತೆಗೆದು ಸ್ಪೈರೋ-ಓಮೆಟ್ಯಾಡ್ ಅನ್ನೋ ಘನ ಆರ್ಗ್ಯಾನಿಕ್ ಪದಾರ್ಥ ಹಾಕಿದ ಮೇಲೆ ದಕ್ಷತೆ ಶೇ. 10ರ ಹತ್ತಿರ ಬಂತು, ಪ್ರಪಂಚ ಎದ್ದು ಕೂತಿತು. ಈಗ ಲ್ಯಾಬ್ ದಾಖಲೆ ಶೇ. 26 ದಾಟಿದೆ. ಅಂದ್ರೆ ಕೆರೆ ಮೊದಲೇ ತುಂಬಿತ್ತು, ಎತ್ತರಕ್ಕೆ ಹೋಗಿದ್ದು ನಾಲೆ ಸರಿಹೋದ ಮೇಲೆ. ಆದರೆ ಈ ಸ್ಪೈರೋ ದುಬಾರಿ. ಅದು ಚೆನ್ನಾಗಿ ಚಾರ್ಜ್ ಸಾಗಿಸಬೇಕು ಅಂದ್ರೆ ಲಿಥಿಯಂ ಲವಣ ಬೆರೆಸಬೇಕು. ಆ ಲವಣ ಗಾಳಿಯ ತೇವ ಎಳೆದುಕೊಳ್ಳುತ್ತೆ, ಪೆರೋವ್‌ಸ್ಕೈಟ್‌ಗೆ ತೇವ ಅಂದ್ರೆ ಆಗಲ್ಲ. ಹಾಗಾಗಿ ಲವಣ ಬೆರೆಸದೆ, ತನ್ನಷ್ಟಕ್ಕೇ ಸಾಲಾಗಿ ನಿಂತು ಚಾರ್ಜ್ ಸಾಗಿಸುವ ಆರ್ಗ್ಯಾನಿಕ್ ಅಣು ಸಿಕ್ಕರೆ ಚೆನ್ನ. ತನ್ನಷ್ಟಕ್ಕೇ ಸಾಲಾಗಿ ನಿಲ್ಲುವ ಚಪ್ಪಟೆ ಅಣು ಇರುತ್ತೆ ಅಂತ ಮೊದಲು ತೋರಿಸಿದವರು ಈ ಚಂದ್ರಶೇಖರ್.

ಅವರು ಹುಟ್ಟಿದ್ದು 1930ರ ಆಗಸ್ಟ್ 6ರಂದು, ಕಲ್ಕತ್ತಾದಲ್ಲಿ. 1951ರಲ್ಲಿ ನಾಗಪುರ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಎಂ.ಎಸ್ಸಿ., ಮೊದಲ ಸ್ಥಾನ. ಅಲ್ಲಿಂದ ಸಂಶೋಧನೆಗೆ ಬಂದದ್ದು ಬೆಂಗಳೂರಿಗೆ, ಸೋದರಮಾವನ ಹತ್ತಿರಕ್ಕೇ. ರಾಮನ್ ಆಗ ಐಐಎಸ್‌ಸಿಯಿಂದ ನಿವೃತ್ತರಾಗಿ 1948ರಲ್ಲಿ ತಮ್ಮದೇ ಸಂಸ್ಥೆ ಶುರುಮಾಡಿ ಮೂರು ವರ್ಷ ಆಗಿತ್ತು. ಮಾವನ ಕೈಕೆಳಗೆ ಪಿಎಚ್.ಡಿ. ಅಂದ್ರೆ ಸುಲಭ ಅಂತ ನಮ್ಮ ಕಾಲದವರಿಗೆ ಅನ್ನಿಸಬಹುದು. ನಾವು ಯೋಚನೆ ಮಾಡೋದು ಉಲ್ಟಾ. ಮಾವ ನೊಬೆಲ್ ವಿಜ್ಞಾನಿ, ಅದರಲ್ಲೂ ರಾಮನ್ ಅಂದ್ರೆ, ತಪ್ಪು ಲೆಕ್ಕ ತೋರಿಸಿ ಮನೆಗೆ ಊಟಕ್ಕೆ ಹೋಗೋಕಾಗುತ್ತಾ?

ಅಲ್ಲಿ ಚಂದ್ರಶೇಖರ್ ಮಾಡಿದ್ದು ಕ್ವಾರ್ಟ್ಜ್ ಥರದ ಹರಳುಗಳ ಕೆಲಸ. ಧ್ರುವೀಕರಿಸಿದ ಬೆಳಕು ಹರಳಿನೊಳಗೆ ಹೋದಾಗ ಅದರ ದಿಕ್ಕು ತಿರುಗುತ್ತೆ, ಬಣ್ಣಕ್ಕೆ ತಕ್ಕ ಹಾಗೆ ತಿರುಗುವ ಪ್ರಮಾಣವೂ ಬದಲಾಗುತ್ತೆ. ಎಷ್ಟು ತಿರುಗುತ್ತೆ ಅನ್ನೋದಕ್ಕೆ ಅವರು ಕೊಟ್ಟ ಸೂತ್ರ ಇವತ್ತೂ ಅವರ ಹೆಸರಲ್ಲೇ ಇದೆ. 1954ರಲ್ಲಿ ನಾಗಪುರದಿಂದ ಡಿ.ಎಸ್ಸಿ. ಪದವಿ ಬಂತು, ಆಗ ಅವರಿಗೆ 24 ವರ್ಷ. ಅವರ ತಮ್ಮ ಪಂಚರತ್ನಂ ಕೂಡ ಅದೇ ಸಂಸ್ಥೆಗೆ ಬಂದು, 1956ರಲ್ಲಿ ಧ್ರುವೀಕೃತ ಬೆಳಕಿನಲ್ಲಿ ಒಂದು ವಿಚಿತ್ರವಾದ ಫೇಸ್ ಕಂಡುಹಿಡಿದರು. ಅದರ ಬೆಲೆ ಜಗತ್ತಿಗೆ ಗೊತ್ತಾಗಿದ್ದು ಸುಮಾರು 30 ವರ್ಷ ಆದಮೇಲೆ. ಪಂಚರತ್ನಂ 1969ರಲ್ಲೇ, 35ನೇ ವಯಸ್ಸಿಗೆ, ಆಕ್ಸ್‌ಫರ್ಡ್‌ನಲ್ಲಿ ತೀರಿಹೋಗಿದ್ದರು. ಬೆಂಗಳೂರಿನಲ್ಲಿ ಮಾಡಿದ ಕೆಲಸ, ಇಲ್ಲಿನ ಜರ್ನಲ್‌ನಲ್ಲಿ ಬಂದದ್ದು, ಮಾಡಿದವನು ಇಲ್ಲವಾದ ಮೇಲೆ ಹೆಸರಾಯಿತು. ಅಣ್ಣನ ಕಥೆ ಓದುವಾಗ ಈ ತಮ್ಮನ ಕಥೆ ನಮಗೆ ಮತ್ತೆ ಮತ್ತೆ ನೆನಪಾಗ್ತಿತ್ತು.

1851ರ ಎಕ್ಸಿಬಿಷನ್ ಸ್ಕಾಲರ್‌ಶಿಪ್ ಸಿಕ್ಕಿ ಚಂದ್ರಶೇಖರ್ ಕೇಂಬ್ರಿಡ್ಜ್‌ನ ಕ್ಯಾವೆಂಡಿಷ್ ಲ್ಯಾಬ್‌ಗೆ ಹೋದರು. ಅಲ್ಲಿ ಹರಳುಗಳ ಮೇಲೆ ಎಕ್ಸ್-ರೇ ಮತ್ತು ನ್ಯೂಟ್ರಾನ್ ಬಿಟ್ಟು ಚದುರುವಿಕೆಯ ಅಧ್ಯಯನ. ಹರಳು ಚೆನ್ನಾಗಿದ್ದಷ್ಟೂ ಒಳಗಡೆಯೇ ಕಿರಣ ಮತ್ತೆ ಮತ್ತೆ ಪ್ರತಿಫಲಿಸಿ, ಹೊರಗೆ ಬರಬೇಕಾದ್ದಕ್ಕಿಂತ ಕಮ್ಮಿ ಬರುತ್ತೆ. ಆ ನಷ್ಟವನ್ನು ಹೇಗೆ ಸರಿಪಡಿಸಿ ಲೆಕ್ಕ ಹಾಕೋದು ಅನ್ನೋದು ಅವರ ವಿಷಯ. 1958ರಲ್ಲಿ ಎರಡನೇ ಡಾಕ್ಟರೇಟ್ ಆಯ್ತು. ಆಮೇಲೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜು, ರಾಯಲ್ ಇನ್‌ಸ್ಟಿಟ್ಯೂಷನ್. ಅಲ್ಲೇ ಇದ್ದುಬಿಡಬಹುದಿತ್ತು.

1961ರಲ್ಲಿ ವಾಪಸ್ ಬಂದರು. ಬಂದದ್ದು ಬೆಂಗಳೂರಿಗೂ ಅಲ್ಲ, ಮೈಸೂರಿಗೆ. ಕುವೆಂಪು ಕುಲಪತಿಯಾಗಿದ್ದಾಗ ಕಟ್ಟಿಸಿ, ತಾವೇ ಮಾನಸಗಂಗೋತ್ರಿ ಅಂತ ಹೆಸರಿಟ್ಟ ಕ್ಯಾಂಪಸ್ ಆಗಷ್ಟೇ ಶುರುವಾಗಿತ್ತು. ಅಲ್ಲಿ ಫಿಸಿಕ್ಸ್ ಸ್ನಾತಕೋತ್ತರ ವಿಭಾಗಕ್ಕೆ ಮೊದಲ ಪ್ರೊಫೆಸರ್, ಮುಖ್ಯಸ್ಥ, 31 ವರ್ಷದ ಚಂದ್ರಶೇಖರ್. ಇದನ್ನು ಓದಿದಾಗ ನಮ್ಮ ಹಾಸ್ಟೆಲ್‌ನಲ್ಲಿ ಒಂದು ಚರ್ಚೆ ಆಯ್ತು. ಕ್ಯಾವೆಂಡಿಷ್‌ನಿಂದ ಬಂದವರು ಹೊಸ ವಿಭಾಗ, ಹೊಸ ಲ್ಯಾಬ್, ಕೈಗೆ ಏನು ಸಿಗುತ್ತೋ ಗೊತ್ತಿಲ್ಲದ ಜಾಗಕ್ಕೆ ಯಾಕೆ ಬಂದರು ಅಂತ. ದೊಡ್ಡ ಯಂತ್ರ ಬೇಕಿಲ್ಲದ, ಆದರೆ ದೊಡ್ಡ ಪ್ರಶ್ನೆ ಇರುವ ವಿಷಯ ಹುಡುಕಿಕೊಳ್ಳಬೇಕಿತ್ತು ಅಂತ ನಮಗೆ ಅನ್ನಿಸುತ್ತೆ. ಅವರು ಆರಿಸಿಕೊಂಡಿದ್ದು ಲಿಕ್ವಿಡ್ ಕ್ರಿಸ್ಟಲ್.

ಕನ್ನಡದಲ್ಲಿ ಇದಕ್ಕೆ ದ್ರವಸ್ಫಟಿಕ ಅಂತಾರೆ. ನಾವು ಓದಿದ್ದು ಇಂಗ್ಲಿಷ್ ಮೀಡಿಯಂ, ಈ ಪದ ನಮಗೆ ಸಿಕ್ಕಿದ್ದು ಈ ಲೇಖನಕ್ಕೆ ಕೂತಾಗಲೇ. ಪದದಲ್ಲೇ ಜಗಳ ಇದೆ ನೋಡಿ. ದ್ರವ ಅಂದ್ರೆ ಅಣುಗಳು ಎಲ್ಲೆಂದರಲ್ಲಿ, ಸ್ಫಟಿಕ ಅಂದ್ರೆ ಅಣುಗಳು ಪರೇಡ್ ನಿಂತ ಹಾಗೆ. ಎರಡರ ನಡುವೆಯೂ ಒಂದು ಸ್ಥಿತಿ ಇದೆ ಅಂತ 1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ರೈನಿಟ್ಜರ್ ಗಮನಿಸಿದ್ದರು. ಅವರ ಕೈಯಲ್ಲಿದ್ದ ಕೊಲೆಸ್ಟರಾಲ್ ಸಂಯುಕ್ತ 145 ಡಿಗ್ರಿಗೆ ಕರಗಿ ಮೋಡದ ಹಾಗೆ ಮಂಜಾಯಿತು, ಮತ್ತೆ 178 ಡಿಗ್ರಿಗೆ ಹೋದಾಗ ಪೂರ್ತಿ ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ಕರಗುವ ಬಿಂದು! ಅದರ ನಡುವಿನ ಮಂಜು ದ್ರವವೇ ಲಿಕ್ವಿಡ್ ಕ್ರಿಸ್ಟಲ್. ಬೆಂಕಿಪೊಟ್ಟಣದ ಕಡ್ಡಿಗಳನ್ನು ನೀರಿನಲ್ಲಿ ತೇಲಿಬಿಟ್ಟರೆ ಜಾಗ ಬದಲಾಯಿಸ್ತಾ ಇದ್ದರೂ ಎಲ್ಲವೂ ಹೆಚ್ಚುಕಮ್ಮಿ ಒಂದೇ ಕಡೆ ಮುಖ ಮಾಡಿದ್ದರೆ ಹೇಗಿರುತ್ತೋ ಹಾಗೆ.

ಮೈಸೂರಿನ ಹತ್ತು ವರ್ಷದಲ್ಲಿ ಅವರು ಮಾಡಿದ ಒಂದು ಕೆಲಸ ನಮಗೆ ತುಂಬಾ ಇಷ್ಟವಾಯ್ತು. ಕೊಲೆಸ್ಟೆರಿಕ್ ಅನ್ನೋ ಜಾತಿಯ ಲಿಕ್ವಿಡ್ ಕ್ರಿಸ್ಟಲ್‌ನಲ್ಲಿ ಅಣುಗಳ ಪದರ ಪದರವೂ ಸ್ವಲ್ಪ ಸ್ವಲ್ಪ ತಿರುಗುತ್ತಾ ಹೋಗಿ, ಸುರುಳಿ ಮೆಟ್ಟಿಲಿನ ಥರ ಆಗುತ್ತೆ. ಆ ಸುರುಳಿಯ ಅಳತೆಗೆ ಹೊಂದುವ ಬಣ್ಣ ಮಾತ್ರ ಪ್ರತಿಫಲನ ಆಗುತ್ತೆ, ಬಿಸಿ ಮಾಡಿದರೆ ಬಣ್ಣ ಬದಲಾಗುತ್ತೆ. ಇದನ್ನು ಲೆಕ್ಕ ಹಾಕೋದು ಹೇಗೆ? ಚಂದ್ರಶೇಖರ್ ಮತ್ತು ಅವರ ಸಂಗಡಿಗರು ಎಕ್ಸ್-ರೇ ಹರಳುಗಳ ಸಿದ್ಧಾಂತವನ್ನೇ ತಂದು ಇಲ್ಲಿ ಹಾಕಿದರು. ಅಣುಗಳ ಪದರದ ಬದಲು ಸುರುಳಿಯ ಒಂದೊಂದು ಸುತ್ತು, ಎಕ್ಸ್-ರೇ ಬದಲು ಕಣ್ಣಿಗೆ ಕಾಣುವ ಬೆಳಕು. ಕೇಂಬ್ರಿಡ್ಜ್‌ನಲ್ಲಿ ಕಲಿತದ್ದು, ಅದಕ್ಕೂ ಮುಂಚೆ ರಾಮನ್ ಹತ್ತಿರ ಬೆಳಕು ತಿರುಗಿಸೋದನ್ನು ಕಲಿತದ್ದು, ಎರಡೂ ಒಂದೇ ಲೆಕ್ಕದಲ್ಲಿ ಕೂತವು. ಮೊದಲ ವರ್ಷದ ಸಬ್ಜೆಕ್ಟ್‌ಗಳನ್ನು ಪರೀಕ್ಷೆ ಮುಗಿದ ಮಾರನೇ ದಿನ ಮರೆಯುವ ನಮ್ಮಂಥವರಿಗೆ ಇದನ್ನು ಓದಿದಾಗ ಸ್ವಲ್ಪ ಚುರುಕ್ ಅಂದಿತು.

1970ರ ನವೆಂಬರ್‌ನಲ್ಲಿ ರಾಮನ್ ತೀರಿಕೊಂಡರು. ಮರುವರ್ಷ ಚಂದ್ರಶೇಖರ್ ಮೈಸೂರು ಬಿಟ್ಟು ಮಾವ ಕಟ್ಟಿದ ಸಂಸ್ಥೆಗೆ ಮರಳಿ, ಅಲ್ಲಿ ಲಿಕ್ವಿಡ್ ಕ್ರಿಸ್ಟಲ್ ಲ್ಯಾಬ್ ಶುರುಮಾಡಿದರು. ಮೈಸೂರಿನಲ್ಲಿ ಅವರ ಜೊತೆ ಪಳಗಿದ ಎನ್. ವಿ. ಮಧುಸೂದನ ಅಂಥವರು ಕೂಡ ಬಂದರು. ಅಲ್ಲಿ ಒಂದು ಒಳ್ಳೆಯ ನಿರ್ಧಾರ ಏನಂದ್ರೆ, ಫಿಸಿಕ್ಸ್ ಲ್ಯಾಬ್‌ನ ಒಳಗೇ ಕೆಮಿಸ್ಟ್ರಿ ಇಟ್ಟುಕೊಂಡಿದ್ದು. ಬೇಕಾದ ಅಣುವನ್ನು ಹೊರಗಿನಿಂದ ಬೇಡಿ ತರೋದಲ್ಲ, ಇಲ್ಲೇ ತಯಾರಿಸೋದು. ಆ ಕೆಲಸದ ಕೈ ಬಿ. ಕೆ. ಸದಾಶಿವ ಅವರದು.

ಈಗ ಮುಖ್ಯ ವಿಷಯ. ಅಲ್ಲಿಯವರೆಗೆ ಗೊತ್ತಿದ್ದ ಲಿಕ್ವಿಡ್ ಕ್ರಿಸ್ಟಲ್‌ಗಳು, ಅವು ಸಾವಿರಾರು, ಎಲ್ಲವೂ ಕಡ್ಡಿಯಾಕಾರದ ಅಣುಗಳಿಂದ ಆದವು. ಅಣು ಉದ್ದ ಇರಬೇಕು, ಇಲ್ಲದಿದ್ದರೆ ಲಿಕ್ವಿಡ್ ಕ್ರಿಸ್ಟಲ್ ಆಗಲ್ಲ ಅಂತ ಜರ್ಮನಿಯ ಫೋರ್ಲೆಂಡರ್ ಕಾಲದಿಂದ, ಅಂದ್ರೆ 20ನೇ ಶತಮಾನದ ಆರಂಭದಿಂದ, ಎಲ್ಲರೂ ಒಪ್ಪಿಕೊಂಡಿದ್ದರು. ಸಾವಿರಾರು ಉದಾಹರಣೆ ಒಂದೇ ಕಡೆ ತೋರಿಸ್ತಿದ್ದರೆ ಇನ್ನೊಂದು ಕಡೆ ಯಾರು ನೋಡ್ತಾರೆ? ಅಣು ಉದ್ದ ಇರದೆ ಚಪ್ಪಟೆ ಇದ್ದರೆ ಏನಾಗುತ್ತೆ ಅನ್ನೋದು ಬೆಂಗಳೂರಿನ ಪ್ರಶ್ನೆ. ಇದನ್ನು ಪರೀಕ್ಷೆ ಮಾಡೋಕೆ ಅವರು ಆರಿಸಿಕೊಂಡ ಅಣು ಬಹಳ ಸರಳ. ನಡುವೆ ಒಂದು ಬೆಂಜೀನ್ ಉಂಗುರ, ನಾವೆಲ್ಲ ಪಿಯುಸಿಯಲ್ಲಿ ಬರೆದ ಅದೇ ಷಟ್ಕೋನ. ಅದರ ಆರು ಮೂಲೆಗೂ ಒಂದೇ ಥರದ ಒಂದೊಂದು ಉದ್ದದ ಬಾಲ. ಹೆಸರು ಬೆಂಜೀನ್ ಹೆಕ್ಸಾ ಆಲ್ಕನೋಯೇಟ್. ನಡುವೆ ಗಟ್ಟಿ ಚಪ್ಪಟೆ ಭಾಗ, ಸುತ್ತ ಮೆತ್ತನೆಯ ಬಾಲಗಳು.

ಸದಾಶಿವ ಅಣು ತಯಾರಿಸಿದರು. ಚಂದ್ರಶೇಖರ್, ಸದಾಶಿವ, ಕೆ. ಎ. ಸುರೇಶ್ ಮೂವರೂ ಸೇರಿ ಅದನ್ನು ಬಿಸಿಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿದರು, ಶಾಖದ ಅಳತೆ ಮಾಡಿದರು, ಎಕ್ಸ್-ರೇ ಹಾಯಿಸಿದರು. 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಕೆಲವೇ ಡಿಗ್ರಿಗಳ ಅಂತರದಲ್ಲಿ, ಹರಳೂ ಅಲ್ಲದ ದ್ರವವೂ ಅಲ್ಲದ ಒಂದು ಸ್ಥಿತಿ ಸಿಕ್ಕಿತು. ಎಕ್ಸ್-ರೇ ಚಿತ್ರ ಹೇಳಿದ್ದು ಇಷ್ಟು. ಅಣುಗಳು ಒಂದರ ಮೇಲೊಂದು ಕೂತು ಕಂಬಗಳಾಗಿವೆ. ಆ ಕಂಬಗಳು ಜೇನುಗೂಡಿನ ಹಾಗೆ ಷಟ್ಕೋನ ಜೋಡಣೆಯಲ್ಲಿ ನಿಂತಿವೆ. ಆದರೆ ಒಂದೇ ಕಂಬದೊಳಗೆ ತಟ್ಟೆಯಿಂದ ತಟ್ಟೆಗೆ ಇರುವ ಅಂತರ ಒಂದೇ ಸಮ ಇಲ್ಲ. ಅಂದ್ರೆ ಅಡ್ಡಡ್ಡಲಾಗಿ ನೋಡಿದರೆ ಹರಳು, ಉದ್ದುದ್ದ ನೋಡಿದರೆ ದ್ರವ. ನಮ್ಮ ಕಡೆ ಅಡಿಕೆ ಹಾಳೆಯಿಂದ ತಟ್ಟೆ ಮಾಡ್ತಾರೆ. ಮಾಡಿದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ, ಆ ಪೇರುಗಳನ್ನು ಒತ್ತೊತ್ತಾಗಿ ನಿಲ್ಲಿಸಿರ್ತಾರೆ. ಹಾಳೆ ತಟ್ಟೆ ಒಂದೊಂದೂ ಸ್ವಲ್ಪ ಸೊಟ್ಟ, ಅದಕ್ಕೇ ಪೇರಿನೊಳಗೆ ಸಂದು ಒಂದೇ ಥರ ಇರಲ್ಲ, ಆದರೆ ಪೇರುಗಳು ಮಾತ್ರ ನೀಟಾಗಿ ಸಾಲಲ್ಲಿ. ಆ ಎಕ್ಸ್-ರೇ ವಿವರಣೆ ಓದಿದಾಗ ನಮಗೆ ಕಣ್ಣೆದುರು ಬಂದಿದ್ದು ಇದೇ.

ಲೇಖನ ಬಂದದ್ದು 1977ರಲ್ಲಿ, ಪ್ರಮಾಣ ಅನ್ನೋ ಪತ್ರಿಕೆಯಲ್ಲಿ. ಹೆಸರು ನೋಡಿ ಕನ್ನಡ ಪತ್ರಿಕೆ ಅಂದುಕೊಳ್ಳಬೇಡಿ, ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಫಿಸಿಕ್ಸ್ ಜರ್ನಲ್. 1973ರಲ್ಲಿ ಶುರುವಾದದ್ದು, ಆಗ ಬರೀ ನಾಲ್ಕು ವರ್ಷದ ಕೂಸು. ಇಂಥ ಫಲಿತಾಂಶ ಕೈಯಲ್ಲಿದ್ದಾಗ ಯಾರಾದರೂ ಮೊದಲು ನೋಡೋದು ವಿದೇಶದ ದೊಡ್ಡ ಪತ್ರಿಕೆ ಕಡೆ. ಇಲ್ಲೇ ಹಾಕಿದರೆ ಹೊರಗಿನವರು ಓದುತ್ತಾರಾ? ತಮ್ಮ ಪಂಚರತ್ನಂ ಕೆಲಸ ಇಲ್ಲಿನ ಪತ್ರಿಕೆಯಲ್ಲಿ ವರ್ಷಗಟ್ಟಲೆ ಮಲಗಿತ್ತು, ಆಗಿನ್ನೂ ಮಲಗೇ ಇತ್ತು. ಹಾಗಿದ್ದೂ ಅಣ್ಣ ಇಲ್ಲೇ ಹಾಕಿದರು. ಈ ಸಲ ಜಗತ್ತು ಓದಿತು. 1978ರಲ್ಲೇ ಫ್ರಾನ್ಸಿನ ಗುಂಪುಗಳು ಇನ್ನೂ ದೊಡ್ಡ ತಟ್ಟೆ, ಟ್ರೈಫಿನೈಲೀನ್ ಇಟ್ಟುಕೊಂಡು ಅದೇ ಜಾತಿಯ ಪದಾರ್ಥ ತಯಾರಿಸಿದವು. ಡಿಸ್ಕಾಟಿಕ್ ಲಿಕ್ವಿಡ್ ಕ್ರಿಸ್ಟಲ್ ಅನ್ನೋದು ಒಂದು ಹೊಸ ಶಾಖೆಯೇ ಆಯ್ತು. ಭಾರತದ ಪತ್ರಿಕೆಯಲ್ಲಿ ಬಂದು ಹೊರಗಿನವರು ಅತಿ ಹೆಚ್ಚು ಉಲ್ಲೇಖಿಸಿದ ಲೇಖನಗಳಲ್ಲಿ ಇದೂ ಒಂದು. ನ್ಯಾಯವಾಗಿ ಹೇಳಬೇಕು ಅಂದ್ರೆ, ಕಲ್ಲಿದ್ದಲಿನ ಡಾಂಬರನ್ನು ಕಾಯಿಸುವಾಗ ಚಪ್ಪಟೆ ಅಣುಗಳು ಸಾಲಾಗೋದನ್ನು 1960ರ ದಶಕದಲ್ಲೇ ಕೆಲವರು ನೋಡಿದ್ದರು. ಆದರೆ ಅದು ಹಲವು ಅಣುಗಳ ಕಲಸುಮೇಲೋಗರ, ಕಾಯಿಸ್ತಾ ಹೋದರೆ ಕೋಕ್ ಆಗಿಬಿಡುತ್ತೆ. ಒಂದೇ ಶುದ್ಧ ಅಣುವಿನಲ್ಲಿ, ಬಿಸಿಮಾಡಿ ತಣಿಸಿ ನೋಡಬಹುದಾದ ಸ್ಥಿತಿಯಾಗಿ ತೋರಿಸಿದ್ದು ಬೆಂಗಳೂರಿನ ಮೂವರು.

ಅದೇ 1977ರಲ್ಲಿ ಕೇಂಬ್ರಿಡ್ಜ್ ಯೂನಿವರ್ಸಿಟಿ ಪ್ರೆಸ್‌ನಿಂದ ಅವರ ಪುಸ್ತಕವೂ ಬಂತು, ಹೆಸರು ಲಿಕ್ವಿಡ್ ಕ್ರಿಸ್ಟಲ್ಸ್ ಅಂತಷ್ಟೇ. ರಷ್ಯನ್, ಜಪಾನಿ ಭಾಷೆಗೆ ಹೋಯ್ತು, 1992ರಲ್ಲಿ ಎರಡನೇ ಆವೃತ್ತಿ. 1982ರಲ್ಲಿ ಅಂತರರಾಷ್ಟ್ರೀಯ ಲಿಕ್ವಿಡ್ ಕ್ರಿಸ್ಟಲ್ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು. ಭಟ್ನಾಗರ್, ಪದ್ಮಭೂಷಣ, ರಾಯಲ್ ಸೊಸೈಟಿಯ ರಾಯಲ್ ಮೆಡಲ್, ಯುನೆಸ್ಕೋದ ನೀಲ್ಸ್ ಬೋರ್ ಪದಕ, ಪಟ್ಟಿ ಉದ್ದ ಇದೆ, ಅದನ್ನು ವಿಕಿಪೀಡಿಯಾದಲ್ಲೇ ನೋಡಿಕೊಳ್ಳಿ.

ತಟ್ಟೆಯ ಪೇರಿಗೂ ಕರೆಂಟಿಗೂ ಏನು ಸಂಬಂಧ? ಚಪ್ಪಟೆ ಆರೊಮ್ಯಾಟಿಕ್ ಉಂಗುರದ ಮೇಲೂ ಕೆಳಗೂ ಪೈ ಎಲೆಕ್ಟ್ರಾನ್‌ಗಳ ಮೋಡ ಇರುತ್ತೆ. ತಟ್ಟೆಗಳು ಸುಮಾರು 3.5 ಆಂಗ್‌ಸ್ಟ್ರಾಂ ಹತ್ತಿರಕ್ಕೆ ಬಂದರೆ ಒಂದರ ಮೋಡ ಇನ್ನೊಂದಕ್ಕೆ ತಾಗುತ್ತೆ, ಚಾರ್ಜ್ ತಟ್ಟೆಯಿಂದ ತಟ್ಟೆಗೆ ಹಾರಿಕೊಂಡು ಕಂಬದ ಉದ್ದಕ್ಕೂ ಹೋಗಬಹುದು. ಸುತ್ತಲಿನ ಬಾಲಗಳು ಕರೆಂಟ್ ಬಿಡಲ್ಲ. ಅಂದ್ರೆ ನಡುವೆ ತಾಮ್ರ, ಸುತ್ತ ಪ್ಲಾಸ್ಟಿಕ್, ಅಣುವಿನ ಅಳತೆಯ ವೈರ್. ಮೊದಲ ಬೆಂಜೀನ್ ತಟ್ಟೆ ಇದಕ್ಕೆ ತೀರಾ ಚಿಕ್ಕದು. ಟ್ರೈಫಿನೈಲೀನ್‌ನಂಥ ದೊಡ್ಡ ತಟ್ಟೆ ಬೇಕಾಯ್ತು. 1994ರಲ್ಲಿ ಜರ್ಮನಿಯ ಬೈರೋಯ್ಟ್ ಗುಂಪು ಗಂಧಕ ಸೇರಿದ ಟ್ರೈಫಿನೈಲೀನ್ ತಟ್ಟೆಗಳ ಕಂಬದಲ್ಲಿ ಹೋಲ್‌ಗಳ ಮೊಬಿಲಿಟಿ 0.1 ಚದರ ಸೆಂಟಿಮೀಟರ್ ಪ್ರತಿ ವೋಲ್ಟ್ ಸೆಕೆಂಡ್ ಮುಟ್ಟುತ್ತೆ ಅಂತ ನೇಚರ್‌ನಲ್ಲಿ ಬರೆಯಿತು. ಸಿಲಿಕಾನ್ ಓದಿದವರಿಗೆ ಇದು ಏನೂ ಅಲ್ಲ ಅನ್ನಿಸುತ್ತೆ, ಆದರೆ ಆರ್ಗ್ಯಾನಿಕ್ ಪದಾರ್ಥಕ್ಕೆ ಆಗಿನ ಕಾಲಕ್ಕೆ ಅದು ದೊಡ್ಡ ಸಂಖ್ಯೆ. 2001ರಲ್ಲಿ ತಟ್ಟೆ ಅಣುವಿನಿಂದ ಸೋಲಾರ್ ಸೆಲ್ ಕೂಡ ಬಂತು. ಒಂದು ದೊಡ್ಡ ತಟ್ಟೆ ಅಣುವನ್ನು ಪೆರಿಲೀನ್ ಜೊತೆ ಬೆರೆಸಿದ ಸೆಲ್, 490 ನ್ಯಾನೋಮೀಟರ್ ಬೆಳಕಿನಲ್ಲಿ ಬಿದ್ದ ಫೋಟಾನ್‌ಗಳಲ್ಲಿ ಶೇ. 34ಕ್ಕೂ ಹೆಚ್ಚನ್ನು ಎಲೆಕ್ಟ್ರಾನ್ ಮಾಡಿತು. ಮಾಡಿದವರು ಜರ್ಮನ್ ರಸಾಯನಶಾಸ್ತ್ರಜ್ಞರು ಮತ್ತು ಕೇಂಬ್ರಿಡ್ಜ್‌ನ ಕ್ಯಾವೆಂಡಿಷ್. ಚಂದ್ರಶೇಖರ್ ಪಿಎಚ್.ಡಿ. ಮಾಡಿದ ಅದೇ ಕ್ಯಾವೆಂಡಿಷ್.

ಅಷ್ಟರಲ್ಲಿ ಅವರು ಏನು ಮಾಡ್ತಿದ್ದರು? 1990ರಲ್ಲಿ, 60 ತುಂಬಿದಾಗ, ರಾಮನ್ ಸಂಸ್ಥೆಯಿಂದ ನಿವೃತ್ತಿ. ಮನೆಯಲ್ಲಿ ಕೂರಬಹುದಿತ್ತು. 1991ರಲ್ಲಿ ಜಾಲಹಳ್ಳಿಯಲ್ಲಿ ಬಿಇಎಲ್ ಕೊಟ್ಟ ಜಾಗದಲ್ಲಿ ಸೆಂಟರ್ ಫಾರ್ ಲಿಕ್ವಿಡ್ ಕ್ರಿಸ್ಟಲ್ ರಿಸರ್ಚ್ ಶುರುಮಾಡಿದರು. ಮೈಸೂರು ಒಂದು, ರಾಮನ್ ಸಂಸ್ಥೆಯ ಲ್ಯಾಬ್ ಎರಡು, ಇದು ಮೂರು. ಮೂರು ಸಲ ಮೊದಲಿಂದ ಶುರು. ಅಂತರರಾಷ್ಟ್ರೀಯ ಲಿಕ್ವಿಡ್ ಕ್ರಿಸ್ಟಲ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದೂ ಇದೇ ಹೊತ್ತಿನಲ್ಲಿ.

ಜಾಲಹಳ್ಳಿಯಲ್ಲಿ ಅವರು ತಮ್ಮ ತಟ್ಟೆಗಳಿಗೇ ವಾಪಸ್ ಬಂದರು. ಆ ಗಂಧಕದ ಟ್ರೈಫಿನೈಲೀನ್‌ಗೆ ಎಲೆಕ್ಟ್ರಾನ್ ಎಳೆದುಕೊಳ್ಳುವ ಇನ್ನೊಂದು ಅಣುವನ್ನು ಚಿಟಿಕೆಯಷ್ಟು ಬೆರೆಸಿ, ಕಂಬದ ಉದ್ದಕ್ಕೆ ಎಷ್ಟು ಕರೆಂಟ್ ಹೋಗುತ್ತೆ, ಅಡ್ಡಕ್ಕೆ ಎಷ್ಟು ಹೋಗುತ್ತೆ ಅಂತ ಅಳೆದರು. ಉದ್ದಕ್ಕೆ ಬಹಳ ಪಟ್ಟು ಹೆಚ್ಚು. ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು ಮಾಡಿ ಹುಟ್ಟುವ ವೋಲ್ಟೇಜನ್ನೂ ಅಳೆದರು. ಈ ಕೆಲಸ 1999ರಲ್ಲಿ ಮತ್ತೆ ಪ್ರಮಾಣದಲ್ಲೇ ಬಂತು, ಲೇಖಕರ ಪಟ್ಟಿಯಲ್ಲಿ ಅವರ ಹೆಸರು ನಡುವೆ ಎಲ್ಲೋ ಇದೆ. ಮುಂದೆ 2002ರಲ್ಲಿ ಬಾಲಗುರುಸ್ವಾಮಿ ಜೊತೆ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಇದೇ ವಿಷಯದ ಲೇಖನ, ಡಿಸ್ಕಾಟಿಕ್ ಅಣುಗಳು ಒಂದೇ ದಿಕ್ಕಿನ ವಾಹಕಗಳು ಅಂತ. ಆಗ ಅವರಿಗೆ ಹೆಚ್ಚುಕಮ್ಮಿ 72.

2004ರ ಮಾರ್ಚ್ 8ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ನಾವು ಹುಟ್ಟೋ ಮುಂಚೆ. ಮಿಯಾಸಾಕಾ ಗುಂಪಿನ ಪೆರೋವ್‌ಸ್ಕೈಟ್ ಲೇಖನ ಬರೋಕೆ ಇನ್ನೂ ಐದು ವರ್ಷ ಬಾಕಿ ಇತ್ತು. ಹಾಗಾಗಿ ಪೆರೋವ್‌ಸ್ಕೈಟ್ ಸೆಲ್‌ನ ಪದರಕ್ಕೆ ಅವರೇ ದಾರಿ ಹಾಕಿದರು ಅಂತ ಬರೆದರೆ ಸುಳ್ಳಾಗುತ್ತೆ. ಇವತ್ತಿಗೂ ಹೆಚ್ಚು ಬಳಕೆಯಲ್ಲಿರುವ ಸ್ಪೈರೋ-ಓಮೆಟ್ಯಾಡ್ ತಟ್ಟೆಯೇ ಅಲ್ಲ, ನಡುವೆ ತಿರುಚಿದ, ಬೇಕಂತಲೇ ಸಾಲಾಗದ ಅಣು. ಆದರೆ ಸ್ಪೈರೋಗೆ ಬದಲಿ ಹುಡುಕೋರು ತಟ್ಟೆಗಳ ಕಡೆ ಬಂದಿದ್ದಾರೆ. 2015ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಟ್ರೈಅಜಾಟ್ರಕ್ಸೀನ್ ಅನ್ನೋ ಚಪ್ಪಟೆ ಅಣುವಿನ ಪದರ ಹಾಕಿ ಶೇ. 18 ದಾಟಿದ ಪೆರೋವ್‌ಸ್ಕೈಟ್ ಸೆಲ್ ಮಾಡಿದರು. ಟ್ರೈಫಿನೈಲೀನ್ ತಟ್ಟೆಗಳ ಪ್ರಯೋಗಗಳೂ ನಡೆದಿವೆ. ಇಲ್ಲಿ ಒಂದು ತೊಡಕು ಇದೆ. ಸೆಲ್‌ನಲ್ಲಿ ಚಾರ್ಜ್ ಕೆಳಗಿಂದ ಮೇಲಕ್ಕೆ ಹೋಗಬೇಕು, ಅಂದ್ರೆ ತಟ್ಟೆಗಳು ಗಾಜಿನ ಮೇಲೆ ಮಲಗಿ, ಕಂಬ ನೆಟ್ಟಗೆ ನಿಲ್ಲಬೇಕು. ತೆಳು ಪದರ ಹಾಕುವಾಗ ಎಷ್ಟೋ ಸಲ ಕಂಬವೇ ಅಡ್ಡ ಬಿದ್ದಿರುತ್ತೆ, ಆಗ ನಾಲೆ ಗದ್ದೆ ಕಡೆ ಹೋಗದೆ ಏರಿಯ ಪಕ್ಕದಲ್ಲೇ ಹರಿದ ಹಾಗೆ. ಕಂಬ ನಿಲ್ಲಿಸೋ ಉಪಾಯ ಇನ್ನೂ ಹುಡುಕ್ತಾನೇ ಇದ್ದಾರೆ.

ಜಾಲಹಳ್ಳಿಯ ಆ ಕೇಂದ್ರ ಈಗ ಸೆಂಟರ್ ಫಾರ್ ನ್ಯಾನೋ ಅಂಡ್ ಸಾಫ್ಟ್ ಮ್ಯಾಟರ್ ಸೈನ್ಸಸ್. ಸೆಮಿನಾರ್‌ನ ಹಿಂದಿನ ರಾತ್ರಿ ಚಂದ್ರಶೇಖರ್ ಫೋಟೋ ಸ್ಲೈಡ್‌ಗೆ ಹಾಕಿದಾಗ ನಾವೂ ನಕ್ಷತ್ರದ ಚಂದ್ರಶೇಖರ್ ಫೋಟೋ ಹಾಕಿದ್ವಿ, ಬೆಳಿಗ್ಗೆ ರೂಮ್‌ಮೇಟ್ ನೋಡಿ ಹೇಳಿದ ಮೇಲೆ ಬದಲಾಯಿಸಿದ್ವಿ. 1977ರ ಲೇಖನ ಓದಬೇಕು ಅನ್ನಿಸಿದರೆ ಪ್ರಮಾಣದ ಹಳೆಯ ಸಂಚಿಕೆಗಳು ಅಕಾಡೆಮಿಯ ಜಾಲತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತವೆ. 9ನೇ ಸಂಪುಟ, 471ನೇ ಪುಟದಿಂದ. ಹತ್ತೇ ಪುಟ, ಅದರಲ್ಲಿ ತಟ್ಟೆಗಳನ್ನು ಕಂಬ ಕಂಬವಾಗಿ ಪೇರಿಸಿದ ಚಿತ್ರವೂ ಇದೆ.